ಯುಜಿನನಿಗೆ ಹಾಕಿದ ಎಲೆ

ಗಲ್ಫಿನಲ್ಲಿ, ಡಿಸ್ಕವರಿ ಗಾರ್ಡನ್ಸ್ ಎಂಬ ಬಡಾವಣೆಯ ಆ ಕಟ್ಟಡದಲ್ಲಿ ಫೆಲ್ಸಿಯ ಎದೆನೋವು ಹೆಸರುವಾಸಿ. ಯಾವ ಡಾಕ್ಟರಿಗೂ ಸಿಗದ ಆ ನೋವು ಕಾಣಿಸಿಕೊಳ್ಳುತ್ತಿದ್ದುದು ಗುರುವಾರ ಸಂಜೆ ಮಾತ್ರ. ಬಂದ ಕೂಡಲೇ ಅವಳು ಬನಿಯಾಸಿನ ಲೇಬರ್ ಕ್ಯಾಂಪಿನಲ್ಲಿದ್ದ ತಮ್ಮ ಯುಜಿನನಿಗೆ ಫೋನು ಮಾಡಿ, ಇನ್ನೇನು ಕೊನೆಯುಸಿರು ಎನ್ನುವ ದನಿಯಲ್ಲಿ ನಾಲ್ಕು ಮಾತಾಡಿ ಇಟ್ಟುಬಿಡುವಳು. ಶುಕ್ರವಾರದ ರಜೆ ಆ ಕಾಲದಲ್ಲಿ. ಬೆಳಗಾಗುತ್ತಲೇ ಅವನು ಎರಡು ಬಸ್ಸು ಬದಲಿಸಿ, ಕಿತ್ತಳೆಯ ಚೀಲ ಹಿಡಿದು ಬಂದು ಬಾಗಿಲು ತಟ್ಟುವನು. ಒಳಗೆ ರೋಗಿ ಬಾಣಲೆಯ ಮುಂದೆ ನಿಂತು ಬಂಗುಡೆ ಹುರಿಯುತ್ತಿರುವಳು.

"ಎದೆನೋವಿಗೆ ಬಂಗುಡೆ ಒಳ್ಳೆ ಮದ್ದು ಬಾಯ್," ಎನ್ನುವನು ಯುಜಿನ್. ಅಕ್ಕನನ್ನು ಅವನು ಕರೆಯುತ್ತಿದ್ದುದೇ ಹಾಗೆ, ಬಾಯ್ ಎಂದು. ಆಮೇಲೆ ಕೈ ತೊಳೆದು ಊಟಕ್ಕೆ ಕೂರುವನು. ಸುಳ್ಳೆಂದು ಗೊತ್ತಿದ್ದೂ ಬರುತ್ತಿದ್ದ. ಒಂದು ಸಲವೂ ಬಾರದೆ ಇರಲಿಲ್ಲ.

ಈ ಸುಳ್ಳುಗಳಿಗೆ ಹಳೆಯ ಇತಿಹಾಸವಿತ್ತು. ಶಿರ್ವದಲ್ಲಿ ತಾಯಿ ತೀರಿಕೊಂಡಾಗ ಯುಜಿನ್ ಇನ್ನೂ ತೊದಲುವ ಮಗು, ಫೆಲ್ಸಿ ಮೈನೆರೆದ ಹುಡುಗಿ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಓಡಾಡುವಷ್ಟು ದೊಡ್ಡವನಾದ ಮೇಲೆ ಅವನು ಹೊಳೆ ಬಿಟ್ಟು ಮೇಲೆ ಬರುತ್ತಿರಲಿಲ್ಲ, ಜಪ್ಪಯ್ಯ ಎಂದರೂ ಬರುತ್ತಿರಲಿಲ್ಲ. ಆಗ ಅವಳು ದಂಡೆಯ ಮೇಲೆ ನಿಂತು, ಅಪ್ಪನಿಗೆ ಹಾವು ಕಚ್ಚಿತು ಎಂದು ಕೂಗುವಳು. ಹುಡುಗ ಬಿದ್ದಂಬೀಳ ಮನೆಗೆ ಓಡುವನು. ಒಂದೇ ವರ್ಷದಲ್ಲಿ ಆ ಬಡಪಾಯಿ ಅಪ್ಪನಿಗೆ ಎಷ್ಟು ಹಾವು ಕಚ್ಚಿದವೋ ದೇವರೇ ಬಲ್ಲ. ಮಗು ಮುಳುಗುವುದಕ್ಕಿಂತ ಸುಳ್ಳು ಮೇಲು ಎಂಬುದು ಫೆಲ್ಸಿಯ ನ್ಯಾಯ. ಆ ನ್ಯಾಯವನ್ನು ಅವಳು ಅರಬ್ಬೀ ಸಮುದ್ರ ದಾಟುವಾಗಲೂ ಜೊತೆಗೇ ತಂದಿದ್ದಳು.

ಮದುವೆಯಾಗಿ, ಬೇಗನೆ ವಿಧವೆಯಾಗಿ, ಮಕ್ಕಳಿಲ್ಲದೆ ಉಳಿದ ಅವಳಿಗೆ ಒಂದು ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ. ಎಲ್ಲರೂ ಇಳಿದ ಮೇಲೆ ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡಿ, ಯಾವ ಮಗುವೂ ನಿದ್ದೆಹೋಗಿ ಉಳಿದಿಲ್ಲವೆಂದು ಗಟ್ಟಿಮಾಡಿಕೊಂಡೇ ಅವಳು ಕೆಳಗಿಳಿಯಬೇಕು. ಐ.ಟಿ.ಐ. ಮುಗಿಸಿದ ತಮ್ಮನನ್ನು ಅವಳೇ ಕರೆಸಿಕೊಂಡು ಎ.ಸಿ. ರಿಪೇರಿಯ ಕೆಲಸಕ್ಕೆ ಹಚ್ಚಿದ್ದಳು. ಆಮೇಲೆ ಅವನಿಗೆ ಹುಡುಗಿ ನೋಡತೊಡಗಿದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಫೆಲ್ಸಿ ಸಾವಿರವನ್ನೂ ಹೇಳಿ ಮುಗಿಸಿದಳು, ಮದುವೆಯೊಂದು ಆಗಲಿಲ್ಲ.

ಯಾಕೆಂದರೆ ಯುಜಿನ್ ಒಂದು ಬೇಸಿಗೆಯಲ್ಲಿ ಚರ್ಚಿನ ಎ.ಸಿ. ರಿಪೇರಿಗೆ ಹೋಗಿದ್ದ. ಅಲ್ಲಿ ಕಂದು ಬಣ್ಣದ ನಿಲುವಂಗಿ ತೊಟ್ಟು ಸೊಂಟಕ್ಕೆ ಹಗ್ಗ ಬಿಗಿದ ಕಪುಚಿನ್ ಸಭೆಯ ಒಬ್ಬ ಮುದುಕ ಸನ್ಯಾಸಿ ಅವನಿಗೆ ಏಣಿ ಹಿಡಿದುಕೊಂಡು ನಿಂತರಂತೆ. ಕೆಲಸ ಮುಗಿಯುವವರೆಗೂ ಬಿಸಿಲಿನಲ್ಲೇ ನಿಂತರಂತೆ. ಅವನು ಸನ್ಯಾಸಿಯಾಗಲು ಹೊರಟದ್ದಕ್ಕೆ ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವನ್ನು ಫೆಲ್ಸಿ ಅವನ ಬಾಯಿಂದ ಹೊರಡಿಸಲು ಮಾಡದ ಸಾಹಸವಿಲ್ಲ. ರಿಪೇರಿಗೆ ಹೋದವನು ಅಲ್ಲೇ ಫಿಟ್ ಆಗಿಬಿಟ್ಟ ಎಂದು ಕ್ಯಾಂಪಿನವರು ನಕ್ಕರು. ಫೆಲ್ಸಿ ನಗಲಿಲ್ಲ. ಹೋದದ್ದೇ ಹೋದ, ಪಾದ್ರಿಯಾದರೂ ಆಗಬಾರದಿತ್ತೇ ಎಂಬ ಸಂಕಟ ಬೇರೆ. ಪೂಜೆ ಮಾಡುವ ಫಾದರ್ ಆಗಿದ್ದರೆ ಊರಲ್ಲಿ ಒಂದು ಮೆರವಣಿಗೆಯಾದರೂ ಆಗುತ್ತಿತ್ತು. ಇವನು ಆದದ್ದು ಬರೀ ಬ್ರದರ್. ಅಡಿಗೆ, ಕಸ, ನಲ್ಲಿ, ಮೋಟಾರು ನೋಡಿಕೊಳ್ಳುವ ಬ್ರದರ್.

ಮೋಟಾರು ಬಲ್ಲವನು, ಗಲ್ಫಿನಲ್ಲಿ ಕಲಿತ ಅರಬ್ಬೀ ಬಲ್ಲವನು ಎಂದು ಸಭೆಯವರು ಅವನನ್ನು ಸುಡಾನಿನ ಒಂದು ಸಣ್ಣ ಊರಿಗೆ ಕಳಿಸಿದರು. ಊರ ಹೊರಗಿನ ರಸ್ತೆಯಲ್ಲಿ ಒಂದು ಮಿಷನ್, ಅದರಲ್ಲಿ ಚಿಕ್ಕ ಆಸ್ಪತ್ರೆ, ಒಂದು ಬಾವಿ, ಬಾವಿಗೆ ಪಂಪು, ಪಂಪಿಗೊಂದು ಜನರೇಟರ್. ಜನರೇಟರ್ ಮುದಿಯಾಗಿತ್ತು. ಯುಜಿನನ ಕೈ ಬಿಟ್ಟು ಬೇರೆಯವರ ಕೈಗೆ ಅದು ಬಗ್ಗುತ್ತಿರಲಿಲ್ಲ. ಹೆಂಡತಿ ಹುಡುಕಿಕೊಟ್ಟರೆ ಬೇಡ ಎಂದವನು ಇಂಥ ಹಟಮಾರಿಯನ್ನು ಕಟ್ಟಿಕೊಂಡ ಎಂದು ಫೆಲ್ಸಿ ಫೋನಿನಲ್ಲಿ ಅಣಕಿಸುತ್ತಿದ್ದಳು.

ಅಷ್ಟು ದೂರ ಹೋದರೂ ಅವನು ಮೊಂತಿ ಹಬ್ಬ ಬಿಟ್ಟಿರಲಿಲ್ಲ. ಸೆಪ್ಟೆಂಬರಿನಲ್ಲಿ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ, ಅದರ ಕಾಳನ್ನು ತೆಂಗಿನ ಹಾಲಿನಲ್ಲಿ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ತಿನ್ನುವುದು ಕರಾವಳಿಯ ಕ್ರೈಸ್ತರ ಪದ್ಧತಿ. ಆ ದಿನ ಮೀನಿಲ್ಲ, ಮಾಂಸವಿಲ್ಲ, ಬಾಳೆಲೆಯಲ್ಲಿ ತರಕಾರಿಯ ಊಟ. ಮನೆಯವರು ಯಾರಾದರೂ ದೂರದಲ್ಲಿದ್ದರೆ ಅವರ ಪಾಲಿನ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಕಳಿಸಬೇಕು. ಫೆಲ್ಸಿಯ ಅಪ್ಪ ಇದಕ್ಕೆ ಇನ್ನೊಂದು ಕಟ್ಟಳೆ ಸೇರಿಸಿದ್ದ. ಎಲ್ಲಿದ್ದರೂ ಸರಿ, ಬದುಕಿದ್ದವರಿಗೆ ಒಂದು ಎಲೆ ಹಾಕಬೇಕು. ಸತ್ತವರಿಗೆ ಹಾಕಬಾರದು, ಅವರ ಊಟ ದೇವರ ಮನೆಯಲ್ಲಿ. ಸುಡಾನಿನಲ್ಲಿ ಭತ್ತ ಎಲ್ಲಿಂದ ಬರಬೇಕು? ಯುಜಿನ್ ಪಂಪಿನ ನೀರಿಗೆ ಕಾಂಪೌಂಡಿನಲ್ಲೇ ಜೋಳ ಬೆಳೆದು, ಜೋಳದ ತೆನೆಯಲ್ಲೇ ಹಬ್ಬ ಮಾಡುತ್ತಿದ್ದ. ಬಾಯ್, ನಿನ್ನ ಪಾಲು ಕಟ್ಟಿಟ್ಟಿದ್ದೇನೆ ಎಂದು ಫೋನು ಮಾಡುತ್ತಿದ್ದ. ಯಾರಾದರೂ ಈ ಕಡೆ ಬರುವವರ ಕೈಯಲ್ಲಿ ಅದು ತಡವಾಗಿಯಾದರೂ ಬಂದು ಮುಟ್ಟುತ್ತಿತ್ತು.

ಅಷ್ಟರಲ್ಲಿ ಆ ದೇಶದಲ್ಲಿ ಯುದ್ಧ ಹತ್ತಿಕೊಂಡಿತು. ಒಂದೇ ದೇಶದ ಎರಡು ಪಡೆಗಳು ಊರೂರು ಹೊಕ್ಕು ಕಾದಾಡತೊಡಗಿದವು. ನಡುವೆ ಸಿಕ್ಕ ಜನ ಗಂಟುಮೂಟೆ ಕಟ್ಟಿಕೊಂಡು ಕಂಡಕಂಡ ಕಡೆಗೆ ಓಡಿದರು. ಓಡಲಾರದ ಹೆಂಗಸರು, ಮಕ್ಕಳು ಮಿಷನ್ನಿನ ಕಾಂಪೌಂಡಿಗೆ ಬಂದು ಸೇರಿಕೊಂಡರು. ಸಭೆಯವರು ಹೊರಟು ಬನ್ನಿ ಎಂದಾಗ ಅವನ ಜೊತೆಗಿದ್ದ ಕಾಯಿಲೆಯ ಮುದಿ ಪಾದ್ರಿ ಹೊರಟರು, ಯುಜಿನ್ ನಿಂತ. ತಾನು ಹೋದರೆ ಜನರೇಟರ್ ನಿಲ್ಲುತ್ತದೆ, ಜನರೇಟರ್ ನಿಂತರೆ ನೀರು ನಿಲ್ಲುತ್ತದೆ, ಇಷ್ಟು ಮಕ್ಕಳಿದ್ದಾರೆ ಎಂದ. ಫೆಲ್ಸಿ ಬೈದಳು, ಅತ್ತಳು, ಅಪ್ಪನ ಗೋರಿಯ ಮೇಲೆ ಆಣೆ ಹಾಕಿದಳು. ನೋಡ್ತೇನೆ ಬಾಯ್ ಎನ್ನುತ್ತಿದ್ದನೇ ಹೊರತು ಹೊರಡುತ್ತಿರಲಿಲ್ಲ.

ಕೊನೆಗೆ ಅವಳು ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈಹಾಕಿದಳು. ಗುರುವಾರದ ಹಳೆಯ ಎದೆನೋವು ಈಗ ಸಾಲದು, ದೊಡ್ಡದೇ ಬೇಕು, ಬೇರೆಯವರ ಬಾಯಿಂದ ಬರಬೇಕು ಎಂದು ಎದುರು ಮನೆಯ ಶಮೀಮಳನ್ನು ಹಿಡಿದಳು. ಶಮೀಮ ಉಳ್ಳಾಲದ ಬ್ಯಾರಿ ಹೆಂಗಸು, ಅರಬ್ಬರ ಮನೆಯಲ್ಲಿ ಕೆಲಸಕ್ಕಿದ್ದವಳು, ಗಂಡ ಸಿದ್ದೀಕನ ಕೆಫೆಟೇರಿಯಾದಲ್ಲಿ ಈಗ ಪರೋಟ ತಟ್ಟುವವಳು. ಸುಳ್ಳೆಂದರೆ ಹೆದರುವವಳು. "ಅಲ್ಲಾಹನ ಮೇಲೆ ಆಣೆ ಮಾತ್ರ ಇಡೋದಿಲ್ಲ ಬಾಯಮ್ಮ, ಬರೀ ಬಾಯಲ್ಲಿ ಹೇಳ್ತೇನೆ," ಎಂದು ಷರತ್ತು ಹಾಕಿ, ಫೋನಿನಲ್ಲಿ ದನಿ ತುಂಬಿ ಸಂದೇಶ ಕಳಿಸಿದಳು. ಫೆಲ್ಸಿ ಬಾಯಮ್ಮನಿಗೆ ಹಾರ್ಟ್ ಅಟ್ಯಾಕ್ ಆಗಿದೆ, ಐ.ಸಿ.ಯು.ನಲ್ಲಿದ್ದಾರೆ, ಡಾಕ್ಟರು ಕೈಬಿಟ್ಟಿದ್ದಾರೆ, ಮುಖ ನೋಡುವುದಿದ್ದರೆ ಈಗಲೇ ಹೊರಡಿ. ಪಕ್ಕದಲ್ಲೇ ಕೂತಿದ್ದ ಫೆಲ್ಸಿ ಸೈ ಎಂಬಂತೆ ತಲೆಯಾಡಿಸಿದಳು. ಸಂಜೆಯೊಳಗೆ ಸಂದೇಶದ ಕೆಳಗೆ ಎರಡು ನೀಲಿ ಗೆರೆ ಮೂಡಿದವು. ಅವನು ಕೇಳಿದ್ದ.

ಆಮೇಲೆ ಉತ್ತರವಿಲ್ಲ. ಆ ಊರಿನ ನೆಟ್‌ವರ್ಕೇ ಹೋಯಿತೆಂದು ಸುದ್ದಿ. ಹೊರಟಿರಬೇಕು, ದಾರಿಯಲ್ಲಿರಬೇಕು ಎಂದು ಫೆಲ್ಸಿ ಅವನಿಗಾಗಿ ಹೊಸ ಹೊದಿಕೆ ತೊಳೆದು ಒಣಗಿಸಿಟ್ಟಳು. ಆ ವರ್ಷದ ಹಬ್ಬ ಹಾಗೇ ಕಳೆಯಿತು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಬಾಗಿಲು ತಟ್ಟಿದವರು ಸಭೆಯ ಹಿರಿಯ ಪಾದ್ರಿ. ಬ್ರದರ್ ಯುಜಿನ್ ಇನ್ನಿಲ್ಲ ಎಂದರು. ಗುಂಡು ಹಾರಿಸಿದ್ದಾರೆ, ಅಲ್ಲೇ ಮಣ್ಣು ಮಾಡಿದ್ದಾರೆ, ದೇಹ ತರುವ ದಾರಿಯಿಲ್ಲ. ಎಲ್ಲಿ ಎಂದು ಫೆಲ್ಸಿ ಕೇಳಿದಳು. ಊರ ಹೊರಗಿನ ರಸ್ತೆಯಲ್ಲಿ ಅಂತಷ್ಟೇ ತಿಳಿದಿದೆ, ಬಹುಶಃ ಹೊರಟಿದ್ದರೇನೋ ಎಂದು ಆ ಪುಣ್ಯಾತ್ಮರು ಸಮಾಧಾನದ ದನಿಯಲ್ಲೇ ಹೇಳಿದರು.

ಹೊರಟಿದ್ದರೇನೋ. ಆ ಒಂದು ಮಾತು ಫೆಲ್ಸಿಯ ಹೊಟ್ಟೆಯೊಳಗೆ ಹೊಕ್ಕಿತು, ಹೊರಗೆ ಬರಲಿಲ್ಲ. ಗೋಡೆಗಳ ನಡುವೆ ಇದ್ದವನನ್ನು ರಸ್ತೆಗೆ ಎಳೆದು ತಂದವಳು ತಾನು. ಇಲ್ಲದ ಎದೆನೋವಿಗೆ ಅವನು ಮೊದಲಿನ ಹಾಗೇ ಎದ್ದು ಹೊರಟಿದ್ದಾನೆ, ದಾರಿಯಲ್ಲಿ ಸತ್ತಿದ್ದಾನೆ. ಇದು ನಿಜವಾದರೆ ಅವಳು ಯಾವ ಮುಖ ಇಟ್ಟುಕೊಂಡು ಬದುಕಬೇಕು? ಅದಕ್ಕೆ ಅವನು ಸತ್ತೇ ಇಲ್ಲ ಎಂದುಬಿಟ್ಟಳು. ಹೆಣ ಕಂಡವರಾರು, ಹೂತವರಾರು, ಬೇರೆ ಯಾರೋ ಇರಬಹುದು ಎಂದು ವಾದಿಸಿದಳು. ಕಪ್ಪು ಬಟ್ಟೆ ಉಡಲಿಲ್ಲ. ಫೋಟೋಕ್ಕೆ ಹಾರ ಹಾಕಲು ಬಿಡಲಿಲ್ಲ.

ಚರ್ಚಿನವರಿಗೆ ಇದು ಅರ್ಥವಾಗಲಿಲ್ಲ. ಅವರ ಪಾಲಿಗೆ ಯುಜಿನ್ ರಕ್ತಸಾಕ್ಷಿ. ನಮ್ಮ ನಡುವೆ ಎ.ಸಿ. ರಿಪೇರಿ ಮಾಡಿಕೊಂಡಿದ್ದವನು ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ಎಂದು ಪ್ರಸಂಗದಲ್ಲಿ ಹೇಳಿದರು. ಬದುಕಿದ್ದಾಗ ಬರೀ ಬ್ರದರ್ ಎಂದು ಮೂಗು ಮುರಿದಿದ್ದವರೂ ಈಗ ಅವನ ಜೊತೆ ಒಂದೇ ಬಸ್ಸಿನಲ್ಲಿ ಬಂದ ಕತೆ ಹೇಳತೊಡಗಿದರು. ವಿಶೇಷ ಪೂಜೆಯಿಟ್ಟು, ಅಕ್ಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸುವುದೆಂದು ನಿಶ್ಚಯವಾಯಿತು. ಫೆಲ್ಸಿ ಹೋಗಲಿಲ್ಲ. ದೇವರಿಗಾಗಿ ಸತ್ತನೋ, ತನ್ನ ಸುಳ್ಳಿಗಾಗಿ ಸತ್ತನೋ ತಿಳಿಯದೆ ಆ ಶಾಲನ್ನು ಹೊದೆಯುವುದು ಹೇಗೆ? ಯಾರಿಗೂ ಹೇಳುವಂತಿರಲಿಲ್ಲ. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ. ಗೊತ್ತಿದ್ದವಳು ಶಮೀಮ ಒಬ್ಬಳೇ, ಅವಳೂ ಆ ದಿನದಿಂದ ಫೆಲ್ಸಿಯ ಕಣ್ಣಿಗೆ ಕಣ್ಣಿಟ್ಟು ಮಾತಾಡಿರಲಿಲ್ಲ. ಬಸ್ಸಿನಲ್ಲಿ ಖಾಲಿ ಸೀಟಿನ ಕೆಳಗೆ ಬಗ್ಗಿದವಳು ಎಷ್ಟೋ ಸಲ ಅಲ್ಲೇ ಕೂತು ಅಳುತ್ತಿದ್ದಳು. ಡ್ರೈವರ್ ಹಾರ್ನ್ ಹೊಡೆದ ಮೇಲೆ ಎದ್ದು ಬರುತ್ತಿದ್ದಳು.

ಮತ್ತೆ ಹಬ್ಬ ಬಂತು. ಅದರ ಹಿಂದಿನ ವಾರ ಬನಿಯಾಸಿನಿಂದ ಒಂದು ಫೋನು. ಹೆಂಗಸಿನ ದನಿ, ಸುಡಾನಿನ ಅರಬ್ಬೀ. ಯುಜಿನನ ಅಕ್ಕ ಬೇಕು ಎನ್ನುವಷ್ಟು ಫೆಲ್ಸಿಗೆ ತಿಳಿಯಿತು. ತಿಳಿದದ್ದೇ ಫೋನು ಕಟ್ ಮಾಡಿದಳು. ಮತ್ತೆ ಬಂತು, ಮತ್ತೆ ಕಟ್ ಮಾಡಿದಳು. ವರ್ಷವಿಡೀ ಯಾರಾದರೂ ಕಂಡವರು ಸಿಕ್ಕಲಿ ಎಂದು ಬೇಡಿಕೊಂಡವಳು, ಸಿಕ್ಕ ಮೇಲೆ ಸತ್ಯಕ್ಕೆ ಹೆದರಿದಳು. ಕಡೆಗೆ ಶಮೀಮಳೇ ಫೋನು ಕಿತ್ತುಕೊಂಡು ಮಾತಾಡಿದಳು. ಫೋನು ಮಾಡಿದವಳ ಹೆಸರು ಹವಾ, ಮಿಷನ್ನಿನ ಆಸ್ಪತ್ರೆಯಲ್ಲಿ ಸಹಾಯಕಿಯಾಗಿದ್ದವಳು, ಈಗ ಬನಿಯಾಸಿನಲ್ಲಿ ಅಣ್ಣನ ಮನೆಗೆ ಬಂದಿದ್ದಾಳೆ, ಹಬ್ಬದ ಮಧ್ಯಾಹ್ನ ಇಲ್ಲಿಗೆ ಬರಹೇಳಿದ್ದೇನೆ ಎಂದಳು. ಫೆಲ್ಸಿ ಅವಳನ್ನು ಬಾಯಿಗೆ ಬಂದಂತೆ ಬೈದಳು.

ಹಬ್ಬದ ಆ ಭಾನುವಾರ ಫೆಲ್ಸಿ ಚರ್ಚಿಗೆ ಹೋಗಿ, ಊರಿನಿಂದ ವಿಮಾನದಲ್ಲಿ ಬಂದ ತೆನೆಯಲ್ಲಿ ತನ್ನ ಪಾಲು ತಂದಳು. ಅಡಿಗೆ ಮಾಡಿದಳು. ನೆಲಕ್ಕೆ ಚಾಪೆ ಹಾಸಿ ಎಲೆ ಹಾಕಿದಳು. ತನಗೆ, ಶಮೀಮ ಸಿದ್ದೀಕರಿಗೆ, ಬರುವ ಹೆಂಗಸಿಗೆ. ಗೋಡೆಯ ಬದಿಗೆ ಇನ್ನೊಂದು ಎಲೆ ಹಾಕಿದಳು. ಸಿದ್ದೀಕ್ ಆ ಕಡೆ ನೋಡಿ ಟೋಪಿ ಸರಿಮಾಡಿಕೊಂಡ.

ಹವಾ ಬಂದಳು. ಎತ್ತರದ, ಬತ್ತಿಹೋದ ಹೆಂಗಸು, ಸೊಂಟದಲ್ಲಿ ಹೆಣ್ಣು ಮಗು. ಒಳಗೆ ಬಂದವಳು ಫೆಲ್ಸಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಕೈ ಮುಟ್ಟಿ ನೋಡಿದಳು, ಏನೋ ಹೇಳಿದಳು. ಶಮೀಮ ಅದನ್ನು ಕನ್ನಡಕ್ಕೆ ತಂದಳು.

"ಬದುಕಿದ್ದೀರಲ್ಲ ಅಂತ ಹೇಳ್ತಾಳೆ. ಅಲ್ಲಿ ನಿಮಗೆ ಹುಷಾರಾಗಲಿ ಅಂತ ಇವರೆಲ್ಲ ದುವಾ ಮಾಡಿದ್ರಂತೆ."

ಫೆಲ್ಸಿ ಚಾಪೆಯ ಮೇಲೆ ಕೂತಳು. ಅವಳಿಗೆ ಬೇಕಿದ್ದುದು ಒಂದೇ ಮಾತು. "ಅವ ಎಲ್ಲಿ ಸತ್ತದ್ದು ಕೇಳು ಶಮೀಮ," ಎಂದಳು. "ದಾರಿಯಲ್ಲಾ? ಹೊರಟಿದ್ನಾ? ಅದೊಂದು ಕೇಳು, ಮತ್ತೆಂತ ಬೇಡ." ಸತ್ತದ್ದು ಎಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಹವಾ ಅವಸರ ಮಾಡಲಿಲ್ಲ. ಒಂದೊಂದೇ ಮಾತು ಹೇಳಿ, ಶಮೀಮ ತಿಳಿಸುವವರೆಗೆ ಕಾದು, ಮುಂದೆ ಹೇಳಿದಳು. ಸಂದೇಶ ಬಂದ ದಿನ ಬ್ರದರ್ ಜನರೇಟರಿನ ಶೆಡ್ಡಿನಲ್ಲಿ ಸಂಜೆಯವರೆಗೆ ಕೂತುಬಿಟ್ಟರು. ಮಾರನೆಯ ದಿನ ಬಂದರಿನ ಕಡೆ ಹೊರಟ ಒಂದು ಲಾರಿಯಲ್ಲಿ ಅವರಿಗೆ ಜಾಗ ಸಿಕ್ಕಿತು. ಚೀಲ ಹತ್ತಿಸಿದರು. ಅಷ್ಟರಲ್ಲಿ ಜನರೇಟರ್ ನಿಂತಿತು. ಇಳಿದು ಹೋಗಿ ನೋಡಿದರು, ತುಂಬ ಹೊತ್ತು ಕೈಯಾಡಿಸಿದರು, ಅದು ಮತ್ತೆ ಹೊರಟಿತು. ಆಮೇಲೆ ನಲ್ಲಿಯ ಮುಂದೆ ನಿಂತಿದ್ದ ಹೆಂಗಸರ ಸಾಲನ್ನು ನೋಡುತ್ತ ನಿಂತರು. ಲಾರಿಯಿಂದ ಚೀಲ ಇಳಿಸಿಕೊಂಡರು. ಮುಂದಿನ ಲಾರಿಗೆ ಹೋಗುತ್ತೇನೆ ಎಂದರು. ಮುಂದಿನ ಲಾರಿ ಬರಲೇ ಇಲ್ಲ.

ಹೊರಡಲಿಲ್ಲ. ಫೆಲ್ಸಿ ಅದನ್ನು ಶಮೀಮಳ ಬಾಯಿಂದ ಎರಡು ಸಲ ಹೇಳಿಸಿದಳು. ಒಂದು ಬೆಂಕಿ ಆರಿತು, ಇನ್ನೊಂದು ಹತ್ತಿಕೊಂಡಿತು. ಹಾಗಾದರೆ ತಾನು ಸಾಯುತ್ತಿದ್ದೇನೆಂದು ನಂಬಿಯೂ ಅವನು ಬರಲಿಲ್ಲ. ಸುಳ್ಳು ಎದೆನೋವಿಗೆ ಎರಡು ಬಸ್ಸು ಹತ್ತಿ ಬರುತ್ತಿದ್ದವನು.

ಹವಾ ಇನ್ನೂ ಹೇಳುತ್ತಲೇ ಇದ್ದಳು. ಆ ಸೆಪ್ಟೆಂಬರಿನಲ್ಲಿ ಬ್ರದರ್ ಎಂದಿನಂತೆ ಜೋಳದ ತೆನೆ ಕೊಯ್ದು ಹಬ್ಬ ಮಾಡಿದರು. ಒಣಗಿದ ಕಾಳಿನಲ್ಲಿ ಒಂದು ಪಾಲು ತೆಗೆದು ಬಟ್ಟೆಯಲ್ಲಿ ಕಟ್ಟುವುದನ್ನು ಕಂಡು, ಅದು ಯಾರಿಗೆ ಎಂದು ನಾನೇ ಕೇಳಿದೆ. ಅಕ್ಕನಿಗೆ ಎಂದರು. ಅಕ್ಕ ತೀರಿಹೋಗಿರಬೇಕಲ್ಲ ಎಂದೆ. ಅದಕ್ಕೆ ಅವರು ನಕ್ಕುಬಿಟ್ಟರು. ಅವರು ಹೇಳಿದ ಮಾತು ತನಗೆ ಹಾಗೇ ನೆನಪಿದೆ ಎಂದಳು. ಶಮೀಮ ಅದನ್ನು ತಲೆ ತಗ್ಗಿಸಿಕೊಂಡು ಹೇಳಿದಳು.

"ನನ್ನ ಅಕ್ಕ ಸಾಯುವಾಗ ಬೇರೆಯವರ ಕೈಲಿ ಹೇಳಿ ಕಳಿಸೋದಿಲ್ಲ, ಅವಳೇ ಫೋನ್ ಮಾಡಿ ನನಗೆ ಬೈದು ಮತ್ತೆ ಸಾಯೋದು, ಅಂದ್ರಂತೆ. ಶೆಡ್ಡಲ್ಲಿ ಕೂತು ಯೋಚನೆ ಮಾಡಿದ ಮೇಲೆ ಸುಳ್ಳು ಅಂತ ಗೊತ್ತಾಯ್ತಂತೆ, ಆದರೂ ಯಾವಾಗಿನ ಹಾಗೆ ಹೊರಟದ್ದಂತೆ. ಸಿಟ್ಟಿಲ್ಲ, ಹೋದಾಗ ನಾನೇ ಕೊಡ್ತೇನೆ ಅಂದ್ರಂತೆ."

ಫೆಲ್ಸಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

ಕೊನೆಯದನ್ನು ಹವಾ ಮಗುವಿನ ತಲೆ ನೇವರಿಸುತ್ತ ಹೇಳಿದಳು. ಬಂದೂಕಿನವರು ಬರುತ್ತಿದ್ದಾರೆಂದು ತಿಳಿದಾಗ ಬ್ರದರ್ ಹೆಂಗಸರು ಮಕ್ಕಳನ್ನೆಲ್ಲ ಶೆಡ್ಡಿನ ಹಿಂದಿನ ಉಗ್ರಾಣದಲ್ಲಿ ಕೂಡಿ ಬೀಗ ಹಾಕಿದರು. ಒಳಗೆ ಈ ಮಗು ಅಳತೊಡಗಿತು. ಇದನ್ನು ಕಂಡು ಉಳಿದವೂ ಅತ್ತವು. ಆಗ ಹೊರಗೆ ಜನರೇಟರ್ ಗುಡುಗಿತು. ಆ ಸದ್ದಿನಲ್ಲಿ ಮಕ್ಕಳ ಅಳುವಿರಲಿ, ಪಕ್ಕದಲ್ಲಿದ್ದವರ ಮಾತೂ ಕೇಳುವಂತಿರಲಿಲ್ಲ. ನಾನು ಬಾಗಿಲ ಸಂದಿನಲ್ಲಿ ಕಣ್ಣಿಟ್ಟಿದ್ದೆ. ಬಂದವರು ಅದನ್ನು ನಿಲ್ಲಿಸು ಎಂದು ಕೈಮಾಡಿದರು. ಬ್ರದರ್ ಅವರ ಕಿವಿಯ ಬಳಿ ಕೂಗಿದ್ದು ನನಗೂ ಕೇಳಿತು. ಮಷಿನ್ನು ಹಾಳಾಗಿದೆ, ಒಮ್ಮೆ ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲ, ನೀರು ಖಲಾಸ್ ಎಂದರು. ಹಿಂದಿನ ದಿನವಷ್ಟೇ ಅದನ್ನು ಪೂರ್ತಿ ಬಿಚ್ಚಿ ಸರಿಮಾಡಿದ್ದರು. ಅಷ್ಟು ಚೆನ್ನಾಗಿ ಸುಳ್ಳು ಹೇಳುವವರೆಂದು ನಮಗೆ ಗೊತ್ತಿರಲಿಲ್ಲ. ಅವರು ಮತ್ತೆ ಮತ್ತೆ ನಿಲ್ಲಿಸೆಂದರು, ಇವರು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತರು, ಸರಿಯಲಿಲ್ಲ. ಅಲ್ಲೇ ಹೊಡೆದರು. ಸ್ವಿಚ್ಚು ಅವರ ಕೆಳಗೆ ಸಿಕ್ಕಿಕೊಂಡಿತ್ತು. ಬಂದವರು ಕಾರು, ಡೀಸೆಲ್ ಡಬ್ಬಿ ತೆಗೆದುಕೊಂಡು ಹೋದರು. ಅವರು ಹೋದ ಮೇಲೂ ಜನರೇಟರ್ ಓಡುತ್ತಲೇ ಇತ್ತು. ಬೀಗ ಒಡೆದು ಹೊರಗೆ ಬಂದು ನಾವೇ ರಸ್ತೆಯ ಬದಿಗೆ ಮಣ್ಣು ಮಾಡಿದೆವು.

ಮಾತು ಮುಗಿಯಿತೆಂದು ಎಲ್ಲರೂ ಅಂದುಕೊಂಡರು. ಹವಾ ಮಾತ್ರ ಮುಂದಕ್ಕೆ ಬಂದು ಫೆಲ್ಸಿಯ ಎರಡೂ ಮೊಣಕಾಲು ಹಿಡಿದಳು. ತಾನು ಬಂದದ್ದು ಇಷ್ಟಕ್ಕಲ್ಲ ಎಂದಳು. ಮೆಕ್ಯಾನಿಕ್‌ಗಳು ಮಷಿನ್ನಿನ ಮೇಲೆ ತಮ್ಮ ನಂಬರು ಬರೆಯುವುದಿಲ್ಲವೇ, ಹಾಗೆ ಬ್ರದರ್ ಜನರೇಟರಿನ ಮೇಲೆ ಅಕ್ಕನ ನಂಬರು ಬರೆದಿದ್ದರು. ನನಗೇನಾದರೂ ಆದರೆ ಕಂಪ್ಲೇಂಟು ಇಲ್ಲಿಗೆ ಎಂದು ತಮಾಷೆ ಮಾಡುತ್ತಿದ್ದರು. ಹವಾ ಅದನ್ನು ಬಾಯಿಪಾಠ ಮಾಡಿಕೊಂಡು, ಶೆಡ್ಡಿನಲ್ಲಿ ನೇತುಹಾಕಿದ್ದ ಕಾಳಿನ ಗಂಟನ್ನು ತೆಗೆದುಕೊಂಡು ಓಡಿದ್ದಳು. ಅಕ್ಕ ಬದುಕಿದ್ದರೆ ತಲುಪಿಸಬೇಕು ಎಂದು. ದಾರಿಯಲ್ಲಿ ಹಸಿವು. ಮಗು ಕಣ್ಣು ಬಿಡುತ್ತಿರಲಿಲ್ಲ. ಒಂದು ಮರದ ಕೆಳಗೆ ಆ ಕಾಳು ಬೇಯಿಸಿ ತಿನ್ನಿಸಿಬಿಟ್ಟಳು.

"ನಿಮ್ಮ ಪಾಲು ನಾವು ತಿಂದೆವು, ಮಾಫ್ ಮಾಡಿ ಅಂತ ಹೇಳ್ತಾಳೆ ಬಾಯಮ್ಮ," ಎಂದ ಶಮೀಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ, "ನಂದೂ ಮಾಫ್ ಮಾಡಿ," ಎಂದಳು.

ಫೆಲ್ಸಿ ಗೋಡೆಯ ಬದಿಯ ಎಲೆಯನ್ನು ನೋಡಿದಳು. ಅವನು ಬರುವುದಿಲ್ಲ. ಎಂಥ ನೋವು ಬಂದರೂ, ಎಷ್ಟು ಸುಳ್ಳು ಹೇಳಿದರೂ ಇನ್ನು ಬರುವುದಿಲ್ಲ. ಹೊರಟಿರಬೇಕು, ಎಲ್ಲೋ ಇರಬೇಕು ಎಂದುಕೊಳ್ಳಲು ಹವಾ ಒಂದು ಎಳೆಯನ್ನೂ ಉಳಿಸಿರಲಿಲ್ಲ. ಮಗು ಅಷ್ಟರಲ್ಲಿ ತಾಯಿಯ ತೊಡೆಯಿಂದಿಳಿದು ಪಾಯಸದ ಪಾತ್ರೆಯ ಕಡೆ ಹೊರಟಿತ್ತು. ಸಿದ್ದೀಕ್ ಅದನ್ನು ಹಿಡಿಯಹೋದ. ಫೆಲ್ಸಿ ಬೇಡವೆಂದು ಕೈಮಾಡಿದಳು.

ಅವಳೇ ಎದ್ದು ಮಗುವನ್ನು ಎತ್ತಿಕೊಂಡಳು. ಗೋಡೆಯ ಬದಿಗೆ ಹಾಕಿದ್ದ ಎಲೆಯ ಮುಂದೆ ಕೂರಿಸಿದಳು. ಅನ್ನ ಬಡಿಸಿದಳು, ಪಲ್ಯ ಬಡಿಸಿದಳು, ತೆಂಗಿನ ಹಾಲಿನಲ್ಲಿ ಬೆರೆಸಿದ ಹೊಸ ಕಾಳನ್ನು ಎಲೆಯ ತುದಿಗೆ ಹಾಕಿದಳು. "ಸತ್ತವರಿಗೆ ಎಲೆ ಹಾಕುವ ಹಾಗಿಲ್ಲ ನಮ್ಮಲ್ಲಿ," ಎಂದಳು ಶಮೀಮಳಿಗೆ. "ಇದು ಇವಳದ್ದು ಅಂತ ಹೇಳು ಅವಳಿಗೆ."

ಮಗು ಎರಡೂ ಕೈ ಹಾಕಿ ತಿನ್ನತೊಡಗಿತು. ಫೆಲ್ಸಿ ಪಕ್ಕದಲ್ಲಿ ಕೂತು ಅದರ ಬಾಯಿ ಒರೆಸಿದಳು. ಅವಳ ಎದೆ ನಿಜವಾಗಿಯೂ ನೋಯುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ.